ಪಟ್ಟಿಯಲ್ಲಿ ಅವಳು ಹಾಕಿದ ಗುರುತು

ಪೈಪಿನ ಕೆಲಸದವರ ನಡುವೆ ಅವನಿಗೆ ತೇವಪ್ಪ ಎಂದೇ ಹೆಸರು. ಗೋಡೆಗೆ ಕೈಯ ಹಿಂಭಾಗ ತಾಗಿಸಿ, ಒಳಗೆಲ್ಲಿ ನೀರು ಸೋರುತ್ತಿದೆ ಎಂದು ಹೇಳಿಬಿಡುವ ಆಸಾಮಿ. ಮೂವತ್ತೊಂದು ವರ್ಷ ಅಣೆಕಟ್ಟು, ಕಾರ್ಖಾನೆ ಎಂದು ಊರೂರು ಅಲೆದಿದ್ದ. ಅವನು ಅಳತೆ ಕೂಗುವುದು, ಹೆಂಡತಿ ಬರೆದುಕೊಳ್ಳುವುದು. ಕೆಲಸ ನಡೆದದ್ದೇ ಹಾಗೆ. ಅವಳು ಬರೆದದ್ದನ್ನು ಅವನು ಒಮ್ಮೆಯೂ ತಿರುಗಿ ನೋಡಿದವನಲ್ಲ.

ಎರಡು ವರ್ಷದ ಹಿಂದೆ ಅವಳ ಶ್ವಾಸಕೋಶ ಕೈಕೊಟ್ಟಿತು. ಮಲಗುವಾಗ ಆಕ್ಸಿಜನ್ ಮಷಿನ್ ಬೇಕೇ ಬೇಕು. ಕೆಲಸದ ಜಾಗಗಳಲ್ಲಿ ಕರೆಂಟಿನ ಭರವಸೆ ಇಲ್ಲವೆಂದು ಅವಳನ್ನು ಅವಳ ಅಣ್ಣನ ಮನೆಯಲ್ಲಿ ಬಿಟ್ಟ. ಮಷಿನಿನ ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದು ಅತ್ತಿಗೆ ಅವಳನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಹಾಕಿ, ಹೊರಗಿನಿಂದ ಚಿಲಕ ಜಡಿಯುತ್ತಿದ್ದಳು. ಇದು ಕಿವಿಗೆ ಬಿದ್ದದ್ದೇ ತಡ, ತೇವಪ್ಪ ಇದ್ದಬದ್ದದ್ದನ್ನೆಲ್ಲ ಮಾರಿ ಒಂದು ಫಿಫ್ತ್ ವೀಲ್ ಟ್ರೇಲರ್ ಕೊಂಡ. ಮೂತಿಯನ್ನು ಟ್ರಕ್ಕಿನ ಬೆನ್ನ ಮೇಲಿಟ್ಟು ಎಳೆದೊಯ್ಯುವ ಮನೆ ಅದು. ಬ್ಯಾಟರಿ, ಇನ್ವರ್ಟರ್ ಎಲ್ಲ ಒಳಗೇ. ಕರೆಂಟಿಲ್ಲದ ಕಡೆಯೂ ಮಷಿನ್ ರಾತ್ರಿಯಿಡೀ ಓಡುತ್ತದೆ ಎಂದಿದ್ದರು. ಹೊಸ ಕೆಲಸದ ಜಾಗದಲ್ಲಿ ಕರೆಂಟ್ ಇರಲಿಲ್ಲ. ಮಾರನೆಯ ದಿನವೇ ಹಾಜರಾಗಬೇಕಿತ್ತು, ಅವನಿದ್ದ ಬಾಡಿಗೆ ಕೋಣೆಯ ಬೀಗದ ಕೈ ಆಗಲೇ ಮಾಲೀಕನ ಕೈ ಸೇರಿತ್ತು.

"ಗೇಟು ದಾಟಿದ ಮೇಲೆ ನಾವು ಜವಾಬ್ದಾರರಲ್ಲ, ಈಗಲೇ ನೋಡ್ಕೊಂಡ್ಬಿಡಿ" ಎಂದು ಟ್ರೇಲರ್ ಮಾರುವ ಅಂಗಳದ ಮ್ಯಾನೇಜರ್ ತಪಾಸಣೆಯ ಪಟ್ಟಿಯೊಂದನ್ನು ಕೊಟ್ಟ. ಪಟ್ಟಿ ಹೆಂಡತಿಯ ಕೈಗೆ ಹೋಯಿತು.

ತೇವಪ್ಪ ಚಾವಣಿ ಹತ್ತಿ ಬೆಸುಗೆ ಬೆಸುಗೆಗೂ ಬೆರಳಾಡಿಸಿದ. ಕಿಟಕಿಗಳಿಗೆ ಪೈಪಿನಿಂದ ನೀರು ಹೊಡೆದು ಒಳಗೋಡಿ ಮೂಲೆಮೂಲೆ ಮುಟ್ಟಿ ನೋಡಿದ. ತೊಟ್ಟಿ ತುಂಬಿಸಿದ, ನಲ್ಲಿ ಬಿಟ್ಟ, ಸಿಂಕಿನ ಕೆಳಗೆ ತಲೆ ತೂರಿಸಿ ಕೂತ. ನೀರಿಗೇ ನಾಲ್ಕು ಗಂಟೆ ಹೋಯಿತು.

"ಏನ್ ಯಜಮಾನ್ರೇ, ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅನ್ನೋ ಹಾಗೆ ಹುಡುಕ್ತಿದೀರಲ್ಲ!" ಎಂದ ಮ್ಯಾನೇಜರ್.

"ಒಲಿದಿರೋದಕ್ಕೇ ಹುಡುಕ್ತಿರೋದು ಸ್ವಾಮಿ."

ಆಮೇಲೆ ಟೈರು, ನಟ್ಟು, ಬ್ರೇಕ್ ದೀಪ. ಟ್ರೇಲರನ್ನು ಟ್ರಕ್ಕಿಗೆ ಕೂಡಿಸಿ, ಅದರ ಕಾಲುಗಳನ್ನು ಎತ್ತುವ ಮೊದಲು ಒಂದಿಷ್ಟು ಮುಂದಕ್ಕೆಳೆದು, ಕೊಂಡಿ ಕಚ್ಚಿಕೊಂಡಿದೆಯೇ ನೋಡಿದ. ಕಚ್ಚಿಕೊಂಡಿತ್ತು. ಉಳಿದದ್ದು ಇನ್ವರ್ಟರ್ ಒಂದೇ. ಅವಳು ಒಳಗೆ ಮಲಗಿ ಮಷಿನ್ ಹಚ್ಚಿದಳು. ಅವನು ಹೊರಗೆ ಅಂಗಳದ ಕರೆಂಟಿನ ವೈರನ್ನು ಕಿತ್ತ.

"ಓಡ್ತಿದೆಯೇನೇ?"

ಸ್ವಲ್ಪ ತಡವಾಗಿ ಉತ್ತರ ಬಂತು. "ಓಡ್ತಿದೆ ರೀ."

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದ. ಮತ್ತೆ ಅದೇ ಉತ್ತರ. ಇನ್ವರ್ಟರ್ ಎಂದಿದ್ದ ಕಡೆ ಅವಳು ಗುರುತು ಹಾಕಿ ಪಟ್ಟಿಯನ್ನು ಬಾಗಿಲಿನಿಂದ ಚಾಚಿದಳು. ತೇವಪ್ಪ ನೋಡದೆಯೇ ಸಹಿ ಹಾಕಿದ. ಒಂದೊಂದು ಹನಿಗೂ ಅನುಮಾನ ಪಟ್ಟವನು ಅವಳ ಮಾತಿಗೆ ಪಡಲಿಲ್ಲ.

ಮುಂದೆ ಬಂದು ಕೂರು ಎಂದು ಕರೆಯಲು ಒಳಗೆ ಹೋದಾಗ ಕೀಚು ಕೀಚು ಎಂಬ ಸಣ್ಣ ಸದ್ದು ಕೇಳಿಸಿತು. ಮಷಿನಿನ ಮೇಲೆ ಎರಡು ದಿಂಬು, ಅದರ ಮೇಲೆ ಕಂಬಳಿ. ಎಳೆದು ನೋಡಿದರೆ ಮಷಿನ್ ನಿಂತು, ಕರೆಂಟಿಲ್ಲವೆಂದು ಎಚ್ಚರಿಕೆ ಕೂಗುತ್ತಿತ್ತು.

"ಯಾವಾಗ ನಿಂತಿದ್ದು?"

"ನೀವು ವೈರು ಕಿತ್ತ ತಕ್ಷಣ." ಅವಳು ಅವನ ಅಂಗಿ ಹಿಡಿದುಕೊಂಡಳು. "ದಿಂಬು ಎತ್ತರ ಇಟ್ಕೊಂಡು ಕೂತೇ ನಿದ್ದೆ ಮಾಡ್ತೀನಿ. ಅಣ್ಣನ ಮನೆಗೆ ಮಾತ್ರ ಕಳಿಸ್ಬೇಡಿ ರೀ, ನಿಮ್ಮ ಕಾಲಿಗೆ ಬೀಳ್ತೀನಿ."

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಹಾಗೆ ಅವನು ಆಫೀಸಿಗೆ ಓಡಿದ. ಮ್ಯಾನೇಜರ್ ಪಟ್ಟಿ ತೆಗೆದು ಗುರುತಿನ ಮೇಲೆ ಬೆರಳಿಟ್ಟ. ಸಹಿ ಆಗಿದೆ, ಇನ್ನು ದೂರು ಕೊಟ್ಟು ಕಾಯಬೇಕು, ಹೊಸ ಇನ್ವರ್ಟರ್ ಬರಲು ಮೂರು ವಾರ.

"ನೋಡದೇ ಈ ಗುರುತು ಯಾರು ಹಾಕಿದ್ದು?"

"ನಾನೇ" ಎಂದ ತೇವಪ್ಪ.

ಅವಳನ್ನು ಟ್ರಕ್ಕಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನು ಗಾಡಿ ಹೊರಡಿಸಿದ. ಅವಳನ್ನು ಅಣ್ಣನ ಮನೆಯಲ್ಲಿ ಬಿಟ್ಟು, ರಾತ್ರಿಯೆಲ್ಲ ಗಾಡಿ ಓಡಿಸಿದರೆ ಬೆಳಿಗ್ಗೆ ಕೆಲಸಕ್ಕೆ ಮುಟ್ಟಬಹುದು. ಅಲ್ಲಿ ಚಿಲಕವಿತ್ತು, ಅತ್ತಿಗೆಯಿದ್ದಳು. ಆದರೆ ಕರೆಂಟೂ ಇತ್ತು. ಗೇಟಿನ ಹೊರಗೆ ಅವನು ಅಣ್ಣನ ಮನೆಯ ಕಡೆಗೆ ಇಂಡಿಕೇಟರ್ ಹಾಕಿದ.

"ಬೇಡ ರೀ" ಎಂದಳು.

ಅವನಿಗೆ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಆದರೂ ಗಾಡಿಯನ್ನು ಅತ್ತಲೇ ತಿರುಗಿಸಿದ.