ಅಮಾವಾಸ್ಯೆಯಿಲ್ಲದ ಎಂಟು ದಿನ

ವಾಚನಾಲಯದ ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಮನೆಯವರ ಪ್ರವಾಸಕ್ಕೆ ಪಂಚಾಂಗ ಅಡ್ಡ ಬಂತು. ಬೇಸಿಗೆ ರಜದಲ್ಲಿ ಮಳವಳ್ಳಿಯಿಂದ ಬಾಡಿಗೆ ಮೋಟಾರಿನಲ್ಲಿ ಮಂಗಳೂರಿಗೆ ಹೋಗಿ, ಬಾರ್ಕೂರು, ಭಟ್ಕಳದ ಹಳೆಯ ರೇವುಗಳನ್ನು ನೋಡುತ್ತ ಎಂಟು ದಿನ ಕಡಲತೀರ ಸುತ್ತಲು ನಾನು ಪಟ್ಟಿ ಬರೆದಿದ್ದೆ. ಯಾವ ಹೊಳೆ ದಾಟಲು ಮೋಟಾರನ್ನು ದೋಣಿಗೆ ಏರಿಸಬೇಕೆಂಬುದೂ ಅದರಲ್ಲಿತ್ತು.

ದೊಡ್ಡಪ್ಪ ಪಟ್ಟಿಯ ಪಕ್ಕ ಪಂಚಾಂಗ ಇಟ್ಟು ನೋಡಿದರು. "ಈ ಎಂಟು ದಿನದಲ್ಲಿ ಹುಣ್ಣಿಮೆ ಇಲ್ಲ, ಅಮಾವಾಸ್ಯೆ ಇಲ್ಲ. ಪರ್ವ ಇಲ್ಲದ ದಿನ ಸಮುದ್ರ ಮುಟ್ಟಬಾರದು. ದೂರದಿಂದ ಕೈಮುಗಿದು ಬನ್ನಿ."

ದಿನ ಬದಲಿಸುವಂತಿಲ್ಲ. ಆಮೇಲೆ ಮೋಟಾರನ್ನು ಮದುವೆಗಳಿಗೆ ಗೊತ್ತುಮಾಡಿದ್ದಾರೆ.

ಬಾಗಿಲ ಬಳಿ ಹುರುಳಿ ಆರಿಸುತ್ತಿದ್ದ ಸೋದರತ್ತೆಯ ಕೈ ನಿಂತಿತು. ಕಾವೇರಿಗಿಂತ ದೊಡ್ಡ ನೀರನ್ನು ಅವರು ಕಂಡಿಲ್ಲ. ಹೊರಡುವ ಮಾತೆದ್ದ ದಿನದಿಂದ ಅವರು ಕೇಳಿದ್ದು ಒಂದೇ, ಒಂದು ಸಲ ಸಮುದ್ರದಲ್ಲಿ ಕಾಲು ನೆನೆಸಬೇಕು.

"ಅಣ್ಣಯ್ಯ, ನಾನು ಮುಟ್ಟಲ್ಲ. ಮರಳ ಮೇಲೆ ಸುಮ್ಮನೆ ನಿಂತಿರ್ತೀನಿ. ಅದೇ ಬಂದು ನನ್ನ ಮುಟ್ಟಿದ್ರೆ?"

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಅಷ್ಟೊಂದು ಕಾದಂಬರಿ ಓದ್ತೀಯಲ್ಲ, ಅಲೆ ಎಲ್ಲೀವರೆಗೆ ಬರುತ್ತೋ?"

ನಾನು ಓದಿದ ಸಮುದ್ರಗಳೆಲ್ಲ ಅನುವಾದದ ಕಾದಂಬರಿಗಳವು. ಯಾವುದರಲ್ಲೂ ಈ ವಿವರ ಇರಲಿಲ್ಲ. "ಗೊತ್ತಿಲ್ಲ" ಎಂದೆ.

ಅವರು ಪಂಚಾಂಗ ಮುಚ್ಚಿದರು. "ಹಾಗಾದ್ರೆ ನಾನೂ ಬರ್ತೀನಿ. ಇವಳ ಪಕ್ಕದಲ್ಲೇ ನಿಂತು ಕಾವಲು ಕಾಯ್ತೀನಿ."

ಪಟ್ಟಿಯಲ್ಲಿ ಮಲ್ಪೆಯ ಕಡಲದಂಡೆಗೆ ಅರ್ಧ ಗಂಟೆ ಇಟ್ಟಿದ್ದೆ. ಎರಡು ಗಂಟೆ ಎಂದು ತಿದ್ದಿದ್ದೇನೆ. ಕಾವಲು ನಿಂತವರ ಪಂಚೆ ಒಣಗುವುದಕ್ಕೂ ಹೊತ್ತು ಬೇಕಲ್ಲ.