ತೊಳೆದು ಕೊಟ್ಟ ಕ್ಯಾರಿಯರ್

ನಾನು ಮದುವೆಯಾಗಿ ಜಯನಗರಕ್ಕೆ ಬಂದದ್ದು ಐವತ್ತರ ದಶಕದ ನಡುವೆ. ಆಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಲ್ಲಿನ ಗುರುತುಗಳ ನಡುವೆ ತುಂಬೆ ಗಿಡ ಬೆಳೆದಿರುತ್ತಿತ್ತು, ಬೆಳಿಗ್ಗೆ ಹೊತ್ತು ಸಿದ್ದಾಪುರದ ಕಡೆಯಿಂದ ಸೊಪ್ಪಿನವಳು ಅದರ ನಡುವೆಯೇ ಕಾಲುದಾರಿ ಮಾಡಿಕೊಂಡು ಬರುತ್ತಿದ್ದಳು.

ನಮ್ಮ ಸಭೆಗೆ ಚರ್ಚಿನ ಕಟ್ಟಡ ಇರಲಿಲ್ಲ, ಪಾಸ್ಟರೂ ಇರಲಿಲ್ಲ. ಇದ್ದದ್ದು ಹದಿನಾಲ್ಕು ಕ್ರೈಸ್ತ ಕುಟುಂಬಗಳು. ಭಾನುವಾರ ಎಲ್ಲರೂ ಸಭೆಯ ಹಿರಿಯರಾದ ಒಬ್ಬ ನಿವೃತ್ತ ಹೆಡ್‌ಮಾಸ್ಟರ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಆರಾಧನೆ ಮಾಡುತ್ತಿದ್ದೆವು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಪೇಟೆಯ ದೊಡ್ಡ ಚರ್ಚಿನಿಂದ ಪಾಸ್ಟರ್ ಒಬ್ಬರು ಬಂದು ರೊಟ್ಟಿ ದ್ರಾಕ್ಷಾರಸದ ಕರ್ತನ ಭೋಜನ ಕೊಟ್ಟು ಹೋಗುತ್ತಿದ್ದರು. ಉಳಿದದ್ದೆಲ್ಲ ನಾವೇ.

ಆ 'ನಾವೇ'ಯಲ್ಲಿ ಒಂದು ಕ್ಯಾರಿಯರ್ ಇತ್ತು. ಮೂರು ಡಬ್ಬಿಯ ಹಿತ್ತಾಳೆ ಕ್ಯಾರಿಯರ್, ಒಳಗೆ ಕಲಾಯಿ. ಮೇಷ್ಟ್ರ ಹೆಂಡತಿ ತಮ್ಮಲ್ಲಿದ್ದ ಎರಡರಲ್ಲಿ ಒಂದನ್ನು ಸಭೆಗೆಂದು ಕೊಟ್ಟಿದ್ದರು. ಯಾವ ಮನೆಯಲ್ಲಾದರೂ ಯಾರಾದರೂ ಮಲಗಿದರೆ ಅದು ಹೊರಡುತ್ತಿತ್ತು. ದಿನಕ್ಕೊಂದು ಮನೆಯ ಸರದಿ. ಸರದಿಯವಳು ಗಂಜಿ, ಸಾರು, ಏನಾದರೊಂದು ಪಲ್ಯ ತುಂಬಿಕೊಂಡು ಹೋಗಿ ಅಲ್ಲಿ ಅರ್ಧ ಗಂಟೆ ಕೂತಿರಬೇಕು. ಸತ್ಯವೇದ ಓದಿದರೆ ಓದಬಹುದು, ಇಲ್ಲದಿದ್ದರೆ ಸುಮ್ಮನಿರಬಹುದು. ಬರುವಾಗ ಖಾಲಿ ಕ್ಯಾರಿಯರನ್ನು ತಾನೇ ತಂದು, ತೊಳೆದು, ಮುಂದಿನ ಮನೆಗೆ ಮುಟ್ಟಿಸಬೇಕು. ಕಾಯಿಲೆ ಮನೆಯವರು ಅದನ್ನು ತೊಳೆಯುವಂತಿರಲಿಲ್ಲ. ಅದೊಂದು ಕಟ್ಟುನಿಟ್ಟು.

ನನ್ನ ಮೊದಲನೆಯ ಮಗು ಏಳು ತಿಂಗಳಿಗೇ ಹುಟ್ಟಿ ಒಂದೇ ಹಗಲು ಬದುಕಿತ್ತು. ಹೆಣ್ಣುಮಗು. ಆಗ ಕ್ಯಾರಿಯರ್ ಇಪ್ಪತ್ತೊಂದು ದಿನ ನಮ್ಮ ಮನೆಗೆ ಬಂತು. ಸಿದ್ದಾಪುರದ ಮನೆಯವರ ಸಾರಿನಲ್ಲಿ ಮೆಣಸು ಗಂಟಲು ಹಿಡಿಯುತ್ತಿತ್ತು. ಮೇಷ್ಟ್ರ ಹೆಂಡತಿ ಉಪ್ಪು ಹಾಕಲು ಮರೆಯುತ್ತಿದ್ದರು, ಅದು ಅವರಿಗೇ ಗೊತ್ತಿದ್ದರಿಂದ ಮೇಲಿನ ಡಬ್ಬಿಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಉಪ್ಪು ಇಟ್ಟಿರುತ್ತಿದ್ದರು. ಒಬ್ಬಾಕೆ ಬಂದರೆ ಒಂದು ಮಾತೂ ಆಡುತ್ತಿರಲಿಲ್ಲ. ನಮ್ಮ ಅಡುಗೆಮನೆಯಿಂದ ಮೊರ ತಂದು, ನನ್ನ ಹಾಸಿಗೆಯ ಪಕ್ಕ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿಟ್ಟು ಹೋಗುತ್ತಿದ್ದಳು. ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ರೋಗಿಯ ಕೋಣೆಯಲ್ಲಿ ಹೇಗೆ ನಡೆಯಬೇಕು, ದಿಂಬಿನ ಚೀಲದ ಬಾಯಿ ಯಾವ ಕಡೆ ಇರಬೇಕು ಎಂದೆಲ್ಲ ಸಿಸ್ಟರ್‌ಗಳು ಕಲಿಸಿದ್ದರು. ಆದರೆ ಹಾಗೆ ಸುಮ್ಮನೆ ಕೂರುವುದನ್ನು ನಾನು ಕಲಿತದ್ದು ಆಕೆಯಿಂದ.

ನಾಲ್ಕು ವರ್ಷದ ಮೇಲೆ ನಮಗೊಬ್ಬ ಪಾಸ್ಟರನ್ನು ಕೊಟ್ಟರು. ನಾವು ಅವರನ್ನು ಅಯ್ಯನವರು ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಅಮ್ಮನವರು. ನಲವತ್ತೈದರ ಸುಮಾರಿನ ಸಣಕಲು ಮನುಷ್ಯ, ಮಕ್ಕಳಿಲ್ಲ. ಅವರಿಗೆಂದು ಹಿಡಿದ ಬಾಡಿಗೆ ಮನೆ ನಮ್ಮ ಮನೆಯಿಂದ ಒಂದೇ ಸೈಟಿನ ಆಚೆ. ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ಜಗಲಿಯೂ ಅದಕ್ಕೆ ಒರಗಿಸಿದ ಸೈಕಲ್ಲೂ ಕಾಣುತ್ತಿದ್ದವು.

ಅವರನ್ನು ಸ್ವಾಗತಿಸಿದ ಭಾನುವಾರ ಮೇಷ್ಟ್ರು ಹಾರ ಹಾಕಿದರು. ಆಮೇಲೆ ಒಳಗಿನಿಂದ ಕ್ಯಾರಿಯರ್ ತರಿಸಿ ಅಯ್ಯನವರ ಮುಂದಿಟ್ಟು, ಇನ್ನು ಇದು ನಿಮ್ಮದು ಎಂದರು.

ಅಯ್ಯನವರು ಅದನ್ನು ಮುಟ್ಟಲಿಲ್ಲ. "ಇದರ ವಿಷಯ ಕೇಳಿದೀನಿ ಸಾರ್. ಇದು ಹೀಗೇ ಮನೆ ಮನೆ ತಿರುಗ್ತಾ ಇರಲಿ. ನಾನೂ ಬರ್ತೀನಿ, ನಮ್ಮ ಮನೇದೂ ಒಂದು ಸರದಿ ಇರಲಿ. ನಾನು ಬಂದೆ ಅಂತ ನೀವು ಹೋಗೋದು ನಿಲ್ಲಿಸಬೇಡಿ."

"ಚೆನ್ನಾಗಿದೆ ಅಯ್ಯನವರೇ," ಎಂದರು ಮೇಷ್ಟ್ರು. "ಇಷ್ಟು ವರ್ಷ ಕುರುಬ ಇಲ್ದೇ ಕುರಿಗಳೇ ಮೇವು ಹುಡುಕ್ಕೊಂಡ್ವಿ. ಈಗ್ಲೂ ನಾವೇ ಹುಡುಕ್ಕೋಬೇಕು ಅಂದ್ರೆ ಈ ಹಾರ ನನ್ನ ಕೊರಳಿಗೇ ಹಾಕ್ಕೋತಿದ್ದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಮಡಿಲಲ್ಲಿ ಮೂರು ತಿಂಗಳ ಗಂಡುಮಗುವಿತ್ತು. ಬಿಸಿಲಲ್ಲಿ ಕ್ಯಾರಿಯರ್ ಹಿಡಿದು ಕೆಮ್ಮಣ್ಣಿನ ರಸ್ತೆಯಲ್ಲಿ ನಡೆಯುವುದು ತಪ್ಪಿತಲ್ಲ ಎಂದು ಒಳಗೊಳಗೇ ಹಗುರವೂ ಆಗಿತ್ತು. ಅಯ್ಯನವರು ಸುತ್ತಲೂ ಒಮ್ಮೆ ನೋಡಿದರು. ಯಾರಾದರೂ ಒಬ್ಬರು ಬೇಡ ಎನ್ನಲಿ ಎಂದು ಕಾದರೇನೋ ಎಂದು ಈಗ ಅನ್ನಿಸುತ್ತದೆ. ಯಾರೂ ಅನ್ನಲಿಲ್ಲ. ಅವರು ಕ್ಯಾರಿಯರ್ ಎತ್ತಿ ಹೆಂಡತಿಯ ಕೈಗೆ ಕೊಟ್ಟರು. ಅಮ್ಮನವರು ಅದರ ಭಾರ ನೋಡುವವರ ಹಾಗೆ ಒಮ್ಮೆ ಎತ್ತಿ ಇಳಿಸಿದರು.

ಅಲ್ಲಿಂದ ಮೂರು ವರ್ಷ ಅಮ್ಮನವರು ತುಂಬಿಸುವುದು, ಅಯ್ಯನವರು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೋಗುವುದು. ಅಷ್ಟರಲ್ಲಿ ಬಡಾವಣೆ ಬೆಳೆದು ಸಭೆಯೂ ಬೆಳೆಯಿತು. ಸಿದ್ದಾಪುರದಿಂದ ಬಿಳೇಕಹಳ್ಳಿಯವರೆಗೆ ಸಭೆಯವರ ಮನೆಗಳಾದವು. ಜ್ವರ, ಬಾಣಂತನ, ಗಂಡ ಹೆಂಡಿರ ಜಗಳ, ಎಲ್ಲಕ್ಕೂ ಅಯ್ಯನವರು. ಮೊದಲು ಒಬ್ಬರ ಕಾಯಿಲೆ ಒಬ್ಬರಿಗೆ ಗೊತ್ತಿರುತ್ತಿತ್ತು. ಈಗ ಭಾನುವಾರದ ಪ್ರಾರ್ಥನೆಯಲ್ಲಿ ಅಯ್ಯನವರು ಹೇಳಿದಾಗಲೇ, ಓ ಹೌದಾ, ಅವರಿಗೂ ಹುಷಾರಿಲ್ವಾ ಎನ್ನುತ್ತಿದ್ದೆವು. ಮಧ್ಯಾಹ್ನದ ಹೊತ್ತು ಅಮ್ಮನವರು ಹಿತ್ತಲ ಕಲ್ಲಿನ ಮೇಲೆ ಕ್ಯಾರಿಯರನ್ನು ಹುಣಿಸೆಹಣ್ಣು ಹಾಕಿ ತಿಕ್ಕುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಮೂರೂ ಡಬ್ಬಿಯನ್ನು ಬಿಸಿಲಿಗೆ ಬೋರಲು ಹಾಕಿ, ಅದರ ಪಕ್ಕದಲ್ಲೇ ತಾವೂ ಸ್ವಲ್ಪ ಹೊತ್ತು ಕೂರುತ್ತಿದ್ದರು.

ಮೂರನೆಯ ವರ್ಷದ ಬೇಸಗೆಯಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಡಾಕ್ಟರು ಪಟ್ಟಿ ಕಟ್ಟಿ ಹೋದರೂ ಅವರಿಗೆ ಸಮಾಧಾನವಿಲ್ಲ. ಅಯ್ಯನವರು ಬಂದು ಪ್ರಾರ್ಥನೆ ಮಾಡಲಿ ಎಂದು ಹಟ ಹಿಡಿದರು. ನಾನು ನಮ್ಮವರನ್ನು ಕಳಿಸಿದೆ. ಅವರು ವಾಪಸು ಬಂದು, "ಅಯ್ಯನವರಿಗೆ ಎರಡು ದಿನದಿಂದ ಮೈ ಬಿಸಿ ಅಂತೆ. ಆದ್ರೂ ಬರ್ತಾರಂತೆ," ಎಂದರು.

ಹಾಗಿದ್ದರೆ ಬೇಡ ಎಂದು ಹೇಳಿಕಳಿಸಬಹುದಿತ್ತು. ಒಂದು ಸೈಟಿನ ದೂರ. ನಾನು ಹೇಳಿಕಳಿಸಲಿಲ್ಲ.

ನಾಲ್ಕು ಗಂಟೆಗೆ ಅವರು ಕ್ಯಾರಿಯರ್ ಹಿಡಿದು ನಡೆದುಕೊಂಡು ಬರುವುದು ಕಿಟಕಿಯಿಂದ ಕಂಡಿತು. ಖಾಲಿ ಸೈಟಿನ ನಡುವೆ ನಿಂತು ಕ್ಯಾರಿಯರನ್ನು ನೆಲಕ್ಕಿಟ್ಟರು. ಸ್ವಲ್ಪ ಹೊತ್ತು ನಿಂತು, ಕೈ ಬದಲಿಸಿ ಎತ್ತಿಕೊಂಡರು.

ಕಾಫಿ ಕೊಟ್ಟೆ. ಲೋಟವನ್ನು ಮೂಗಿನ ಹತ್ತಿರ ತಂದು ಕೆಳಗಿಟ್ಟರು. "ಯಾಕೋ ಕಾಫಿ ವಾಸನೇನೇ ಸೇರ್ತಿಲ್ಲ ಕಣಮ್ಮ," ಎಂದರು. ಆಗ ಅವರ ಕಣ್ಣು ನೋಡಿದೆ. ಬಿಳಿಯ ಭಾಗ ಹಳದಿಯಾಗಿತ್ತು. ಕಾನ್ವೆಂಟಿನಲ್ಲಿ ನನ್ನ ಪಕ್ಕದ ಮಂಚದ ಹುಡುಗಿಗೆ ಕಾಮಾಲೆಯಾದಾಗ ಸಿಸ್ಟರ್ ಅವಳ ರೆಪ್ಪೆ ಎತ್ತಿ ನಮಗೆಲ್ಲ ತೋರಿಸಿದ್ದರು. ನನಗೆ ಗೊತ್ತಿಲ್ಲದ ಬಣ್ಣವಲ್ಲ ಅದು.

"ಡಾಕ್ಟರಿಗೆ ತೋರಿಸಬೇಕು ಅಯ್ಯನವರೇ."

"ತೋರಿಸ್ತೀನಮ್ಮ. ಮೊದಲು ಅಜ್ಜಿ ಕಾಲು ನೋಡೋಣ."

ಅವರು ಮಂಡಿಯೂರಿ ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಏಳುವಾಗ ಮಂಚದ ಕಾಲು ಹಿಡಿದುಕೊಂಡರು. ನಾನು ಗಂಜಿಯನ್ನು ಪಾತ್ರೆಗೆ ಸುರಿದುಕೊಂಡು ಕ್ಯಾರಿಯರ್ ತೊಳೆಯಲು ಹೊರಟರೆ ನಕ್ಕು ಕೈಚಾಚಿದರು. "ಕೊಡಿ ಹಾಗೇ. ಕಾಯಿಲೆ ಮನೆಯವರು ತೊಳೀಬಾರದಂತೆ. ನೀವೇ ಮಾಡಿದ ಕಾನೂನಲ್ವಾ?"

ಮರುದಿನ ಸೈಕಲ್ ಜಗಲಿಯಲ್ಲಿ ಇರಲಿಲ್ಲ. ಬಿಳೇಕಹಳ್ಳಿಯಲ್ಲಿ ಒಂದು ಮಗುವಿಗೆ ಜ್ವರವೆಂದು ಹೋಗಿದ್ದರಂತೆ. ಅದರ ಮರುದಿನದಿಂದ ಸೈಕಲ್ ಕದಲಲೇ ಇಲ್ಲ. ನಾಲ್ಕೈದು ದಿನಕ್ಕೆ ಸೀಟಿನ ಮೇಲೆ ಕೆಂಪು ಧೂಳು ಕೂತಿದ್ದು ನಮ್ಮ ಕಿಟಕಿಗೇ ಕಾಣುತ್ತಿತ್ತು.

ಭಾನುವಾರ ಮೇಷ್ಟ್ರು ಆರಾಧನೆ ನಡೆಸಿದರು. ಎಲ್ಲರೂ ಎದ್ದು ನಿಂತು ಅಯ್ಯನವರಿಗಾಗಿ ಪ್ರಾರ್ಥಿಸಿದೆವು. ಮುಗಿದ ಮೇಲೆ ಹೆಂಗಸರು ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಾ ನಿಂತಿದ್ದಾಗ ನಾನು, "ಏನಾದ್ರೂ ಮಾಡಿ ಕಳಿಸಬೇಕಲ್ವಾ?" ಎಂದೆ.

"ಹೇಗೆ ಕಳಿಸೋದು? ಕ್ಯಾರಿಯರ್ ಅವರ ಮನೇಲೇ ಇದೆಯಲ್ಲ," ಎಂದರು ಮೇಷ್ಟ್ರ ಹೆಂಡತಿ.

ಎಲ್ಲರೂ ಹೌದಲ್ಲ ಎಂದರು. ನಾನೂ ಹೌದಲ್ಲ ಎಂದೆ. ಅಷ್ಟು ಜನರ ಮನೆಯಲ್ಲಿ ಮುಚ್ಚಳವಿರುವ ಪಾತ್ರೆಗೆ ಕೊರತೆಯಿರಲಿಲ್ಲ. ಆದರೂ ಆ ಮಾತು ನಮಗೆ ಸಾಕಾಯಿತು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ರೀ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವಾ?"

"ಅಯ್ಯನವರ ಮನೆಗೆ ಸುಮ್ಮಸುಮ್ಮನೆ ಹೇಗೆ ಹೋಗೋದು? ನಾವು ಹೋದ್ರೆ ಪಾಪ ಎದ್ದು ಕೂತ್ಕೋತಾರೆ. ಪ್ರಾರ್ಥನೆ ಮಾಡೋರಿಗೆ ನಾವು ಹೋಗಿ ಏನು ಪ್ರಾರ್ಥನೆ ಮಾಡೋದು?"

ಒಂದು ಸಂಜೆ ಅಮ್ಮನವರು ಒಣಗಿದ ಬಟ್ಟೆ ತೆಗೆಯುವಾಗ ಅವರ ಬೇಲಿಯ ಹತ್ತಿರ ಹೋಗಿ ಅಯ್ಯನವರು ಹೇಗಿದ್ದಾರೆಂದು ಕೇಳಿದೆ. "ನಡೀತಾ ಇದೆಯಮ್ಮ," ಎಂದರು. ಆ ಉತ್ತರವನ್ನು ನಾನು ಬೇಗ ಬೇಗ ಒಪ್ಪಿಕೊಂಡು ಒಳಗೆ ಬಂದುಬಿಟ್ಟೆ.

ಮೂರನೆಯ ಭಾನುವಾರ ಕಳೆದ ಮೇಲೆ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ಎಣ್ಣೆಯಿಲ್ಲದ ಹೆಸರುಬೇಳೆ ತೊವ್ವೆ, ಮೆತ್ತಗಿನ ಅನ್ನ ಮಾಡಿ ನಮ್ಮದೇ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಬಾಗಿಲು ತೆರೆದ ಅಮ್ಮನವರ ಸೀರೆಯ ನೆರಿಗೆ ಒದ್ದೆಯಾಗಿತ್ತು, ತಲೆ ಬಾಚಿರಲಿಲ್ಲ. ಅಯ್ಯನವರು ಮಲಗಿದ್ದರು. ಮುಖ, ಕೈ, ಉಗುರು ಎಲ್ಲ ಅರಿಸಿನ. ನನ್ನನ್ನು ಕಂಡು ಏಳಲು ಹೋದರು.

"ಅಜ್ಜಿ ಕಾಲು ಹೇಗಿದೆಯಮ್ಮ?"

ಅತ್ತೆ ವಾರದಿಂದ ಹಿತ್ತಲಲ್ಲಿ ಓಡಾಡುತ್ತಿದ್ದರು. ಅದನ್ನು ಅವರಿಗೆ ತಿಳಿಸಬೇಕೆಂದು ಕೂಡ ನಮಗೆ ತೋಚಿರಲಿಲ್ಲ.

ನಾನು ಅರ್ಧ ಗಂಟೆ ಕೂತೆ. ಗೋಡೆಯ ಕಪಾಟಿನಲ್ಲಿ ಕ್ಯಾರಿಯರ್ ಫಳಫಳ ಹೊಳೆಯುತ್ತಿತ್ತು. ಎದ್ದಾಗ ಅಮ್ಮನವರು ಬಾಗಿಲವರೆಗೆ ಬಂದು ದನಿ ತಗ್ಗಿಸಿ ಹೇಳಿದರು. "ಹದಿನೆಂಟು ದಿನಕ್ಕೆ ನೀವೇ ಮೊದಲು. ಇವರು ಗೇಟ್ ಸದ್ದಾದ್ರೆ ಯಾರು ಬಂದ್ರು ನೋಡು ಅಂತಾರೆ. ಗಾಳಿಗೆ ಕಣ್ರೀ ಅಂತ ಹೇಳಿ ಹೇಳಿ ನಂಗೆ ಸಾಕಾಗಿದೆ."

ಆಮೇಲೆ ದಿನವೂ ಹೋದೆ. ಆರನೆಯ ದಿನ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಮೊದಲೇ ಮಲಗಿ ಸುಧಾರಿಸಿಕೊಳ್ಳಬೇಕಿತ್ತು, ಈ ಮೈಯಲ್ಲಿ ಸೈಕಲ್ ತುಳಿದಿದ್ದಾರಲ್ಲ ಎಂದು ಡಾಕ್ಟರು ನಮ್ಮವರ ಹತ್ತಿರ ಹೇಳಿದರಂತೆ. ಅಯ್ಯನವರು ಅಲ್ಲಿಂದ ಮನೆಗೆ ಬರಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ಎಲ್ಲ ಮನೆಗಳಿಂದಲೂ ಅಡುಗೆ ಬಂತು. ಮುಚ್ಚಳದ ಮೇಲೆ ಮುಚ್ಚಳ, ಬಟ್ಟೆ ಕಟ್ಟಿದ ಪಾತ್ರೆಗಳು, ಒಂದರ ಪಕ್ಕ ಒಂದು. ಅಡುಗೆಮನೆ ತುಂಬಿ ಜಗಲಿಯವರೆಗೂ ಇಟ್ಟರು. ಮೇಷ್ಟ್ರ ಹೆಂಡತಿ ಪೊಟ್ಟಣದಲ್ಲಿ ಉಪ್ಪು ತರುವುದನ್ನೂ ಮರೆತಿರಲಿಲ್ಲ. ಅಮ್ಮನವರು ಬಾಗಿಲಲ್ಲಿ ನಿಂತು ಅವನ್ನೆಲ್ಲ ನೋಡಿ, "ಯಾವುದು ಯಾರದು ಅಂತ ಗುರುತು ಮಾಡಿಡಿ. ವಾಪಸು ಕೊಡೋವಾಗ ಅದಲುಬದಲಾಗಬಾರದು," ಎಂದರು. ಮೇಷ್ಟ್ರು ಅಂಗಳದಲ್ಲಿ ಸೈಕಲ್ಲಿನ ಪಕ್ಕ ನಿಂತು ಸೀಟಿನ ಧೂಳನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು.

ಮನೆಯ ಬಾಡಿಗೆ ಸಭೆಯದು, ಮುಂದೆ ಬರುವ ಪಾಸ್ಟರಿಗೆ ಬಿಟ್ಟುಕೊಡಬೇಕಿತ್ತು. ತಿಂಗಳೊಳಗೆ ಅಮ್ಮನವರು ತುಮಕೂರಿನ ತಮ್ಮನ ಮನೆಗೆ ಹೊರಟರು. ಹಿಂದಿನ ದಿನ ನಾನು ಹೋಗಿ ಆ ಕ್ಯಾರಿಯರನ್ನೇ ಕೇಳಿ ತಂದೆ. ಬೆಳಿಗ್ಗೆ ಅದರಲ್ಲಿ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ತುಂಬ ನಿಪ್ಪಟ್ಟು ಹಾಕಿ ಕೊಟ್ಟು, ದಾರಿಗೆ ತಗೊಂಡು ಹೋಗಿ, ಕ್ಯಾರಿಯರ್ ನಿಮ್ಮ ಹತ್ರಾನೇ ಇರಲಿ ಎಂದೆ. ಅವರು ಅದನ್ನು ಒಳಗೆ ಒಯ್ದರು. ಒಳಗಿನಿಂದ ನೀರಿನ ಸದ್ದು ಕೇಳಿತು. ತಿಂಡಿಯನ್ನೆಲ್ಲ ತಮ್ಮ ಡಬ್ಬಿಗಳಿಗೆ ತುಂಬಿಕೊಂಡು, ಕ್ಯಾರಿಯರ್ ತೊಳೆದು, ಸೆರಗಿನಿಂದ ಒರೆಸಿ ತಂದು ನನ್ನ ಕೈಗಿತ್ತರು.

"ಅಮ್ಮನವರೇ, ನೀವು ಯಾಕೆ ತೊಳೆದ್ರಿ? ನಾನು ತೊಳ್ಕೋತಿದ್ದೆನಲ್ಲ."

"ನಂಗೆ ಅಭ್ಯಾಸ ಆಗೋಗಿದೆಯಮ್ಮ," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮುಂದಿನ ವರ್ಷ ಹೊಸ ಪಾಸ್ಟರ್ ಬಂದರು. ತೀರ ಚಿಕ್ಕ ವಯಸ್ಸಿನವರು, ಹೆಂಡತಿ ಬಸುರಿ. ಸ್ವಾಗತದ ದಿನ ಮೇಷ್ಟ್ರು ನನ್ನ ಹತ್ತಿರ ಬಂದು, "ಆ ಕ್ಯಾರಿಯರ್ ನಿಮ್ಮನೇಲಿ ಇದೆಯಲ್ವಾ?" ಎಂದರು. ಇದೆ ಸಾರ್, ಅಲ್ಲೇ ಇರಲಿ ಎಂದೆ. ಅವರು ಆಗಲಿ ಎಂದು ಹೋದರು. ಅವರಿಗೂ ಆ ಒಂದು ವರ್ಷದಲ್ಲಿ ಬೆನ್ನು ಬಾಗಿತ್ತು.

ಮರುದಿನ ಸೋಮವಾರ. ಮೂರು ಡಬ್ಬಿಯನ್ನೂ ತುಂಬಿಕೊಂಡು ಆ ಖಾಲಿ ಸೈಟು ದಾಟಿ ಹೊಸ ಪಾಸ್ಟರ ಮನೆಗೆ ಹೋದೆ. ಅವರ ಹೆಂಡತಿಗೆ ಕ್ಯಾರಿಯರಿನ ವಿಷಯ ಯಾರೋ ಹೇಳಿದ್ದರೇನೋ, ಆ ಹುಡುಗಿ ಗಾಬರಿಯಿಂದ, "ಯಾರಿಗೆ ಹುಷಾರಿಲ್ಲ ಅಕ್ಕ?" ಎಂದಳು.

"ಯಾರಿಗೂ ಏನೂ ಆಗಿಲ್ಲ. ನೀವು ಊಟ ಮಾಡಿ."

ಅವಳು ಪಾತ್ರೆಗಳಿಗೆ ಸುರಿದುಕೊಂಡು ಖಾಲಿ ಕ್ಯಾರಿಯರ್ ಹಿಡಿದು ನಲ್ಲಿಯ ಕಡೆ ಹೊರಟಳು. ನಾನು ಎದ್ದು ಹೋಗಿ ಅವಳ ಕೈಯಿಂದ ತೆಗೆದುಕೊಂಡೆ. ಬೇಡಮ್ಮ, ಮನೇಲಿ ತೊಳೀತೀನಿ ಎಂದೆ. ಮನೆಗೆ ತಂದು ತೊಳೆದು, ಕಿಟಕಿಯ ಹತ್ತಿರ ಬೋರಲು ಹಾಕಿದೆ. ಸರದಿ ನಿಂತು ವರ್ಷಗಳಾಗಿದ್ದವು, ನಾಳೆ ಅದನ್ನು ಯಾರ ಮನೆಗೆ ಮುಟ್ಟಿಸಬೇಕೋ ನನಗೆ ಗೊತ್ತಿರಲಿಲ್ಲ.