ಕೊಟ್ಟ ಒಪ್ಪಿಗೆ ಕತ್ತರಿಸುವ ಅಕ್ಕ

ಬೆಳಗಿನ ಜಾವ. ಬೀದಿ ಗುಡಿಸುವವರ ಪೊರಕೆಯ ಸದ್ದು ಮೂರನೇ ಮಹಡಿಗೂ ಕೇಳುತ್ತಿದೆ. ಸಾಲು ಕಂಪ್ಯೂಟರುಗಳಲ್ಲಿ ಒಂದೇ ಒಂದು ಬೆಳಗುತ್ತಿದೆ. ಅದರ ಮುಂದೆ ಕೂತ ಹೆಂಗಸು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿರುವಾಗಲೇ ಕರೆ ಬರುತ್ತದೆ. ಆ ಕಡೆಯಿಂದ ಪಿಸುದನಿ.

"ಮೇಡಂ, ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದೆ. ಆದ್ರೂ ನಾನೆಲ್ಲಿದ್ದೀನಿ ಅಂತ ಅವರಿಗೆ ಗೊತ್ತಾಗ್ತಿದೆ."

'ಅವರು' ಅಂದರೆ ಬಿಟ್ಟುಬಂದ ಗಂಡ. ಈಕೆ ಹೊಲಿಗೆ ಕೆಲಸದವಳು, ಸದ್ಯ ಅಣ್ಣನ ಮನೆಯಲ್ಲಿದ್ದಾಳೆ. ಬಸ್ ಸ್ಟಾಪಿಗೆ ಹೋದರೆ ಅಲ್ಲಿ ಅವನು, ಹೊಸ ಕೆಲಸದ ಗೇಟಿನೆದುರು ಅವನು. ಇವತ್ತು ಅವನಿಗೆ ಗೊತ್ತಿಲ್ಲದ ಊರಿಗೆ, ಗೆಳತಿಯ ಮನೆಗೆ ಹೊರಟಿದ್ದಾಳೆ. ಅಲ್ಲಿಗೂ ಬಂದರೆ ಮುಂದೆ ಹೋಗಲು ಜಾಗವಿಲ್ಲ.

ಕರೆ ತೆಗೆದುಕೊಂಡವರನ್ನು ಆಫೀಸಿನಲ್ಲಿ ಎಲ್ಲರೂ 'ಕತ್ತರಿ ಅಕ್ಕ' ಎನ್ನುತ್ತಾರೆ. ಜನರ ಮೇಲ್, ಫೋಟೋ, ಫೋನು ಎಲ್ಲಿದೆ ಎಂಬ ವಿವರ, ಇಷ್ಟನ್ನೂ ಒಂದೇ ಖಾತೆಯಲ್ಲಿ ಇಟ್ಟುಕೊಡುವ ಕಂಪನಿ ಇದು. ಆ ಖಾತೆಯೊಳಕ್ಕೆ ಹೊರಗಿನ ಆ್ಯಪ್‌ಗಳಿಗೆ ಸಿಕ್ಕ ಪ್ರವೇಶವನ್ನು ಕತ್ತರಿಸುವುದು ಅಕ್ಕನ ಕೆಲಸ. ಪತ್ರಿಕೆಯವರೊಬ್ಬರು ಪಕ್ಕದಲ್ಲಿ ಕೂತಿದ್ದಾರೆ, ಕೇಳಿಸಿಕೊಳ್ಳಬಹುದೇ ಎಂದು ವಿಚಾರಿಸಿ, ಆಕೆ ಹೂಂ ಅಂದ ಮೇಲೆಯೇ ನನಗೆ ಇನ್ನೊಂದು ಹೆಡ್‌ಫೋನ್ ಕೊಡುತ್ತಾರೆ.

ಪಾಸ್‌ವರ್ಡ್ ಬದಲಾಯಿಸಿದರೆ ಬಾಗಿಲು ಮುಚ್ಚಿತು ಅಂದುಕೊಳ್ಳುವ ತಪ್ಪನ್ನು ಇಲ್ಲಿಗೆ ಕರೆ ಮಾಡುವ ಹೆಚ್ಚುಕಮ್ಮಿ ಎಲ್ಲರೂ ಮಾಡಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅಕ್ಕ ಬಿಡಿಸಿ ಹೇಳುತ್ತಾರೆ: "ಆ್ಯಪ್ ಹತ್ರ ನಿಮ್ಮ ಪಾಸ್‌ವರ್ಡ್ ಇರೋದೇ ಇಲ್ಲ. ಅದು ನಿಮ್ಮನ್ನ ನಮ್ಮ ಬಾಗಿಲಿಗೆ ಕಳಿಸುತ್ತೆ. ಪಾಸ್‌ವರ್ಡ್ ನೀವು ನಮಗೇ ಕೊಡ್ತೀರಾ. ಈ ಆ್ಯಪ್ ಇಂಥಿಂಥದ್ದು ನೋಡ್ಬೇಕಂತೆ, ಬಿಡ್ಲಾ ಅಂತ ನಾವು ಕೇಳ್ತೀವಿ. ನೀವು ಒಪ್ಪಿಗೆ ಒತ್ತಿದ್ರೆ ಆ್ಯಪ್‌ಗೆ ಎರಡು ಟೋಕನ್ ಕೊಡ್ತೀವಿ, ಪ್ರವೇಶದ ಚೀಟಿ ಥರ, ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದನ್ನ ನಮ್ಮ ಕಿಟಕಿಯಲ್ಲಿ ತೋರಿಸಿ ವಿವರ ತಗೊಂಡು ಹೋಗುತ್ತೆ. ಸಣ್ಣದು ಗಂಟೆಯೊಳಗೆ ಸತ್ತುಹೋಗುತ್ತೆ. ದೊಡ್ಡದನ್ನ ತೋರಿಸಿದ್ರೆ ಹೊಸ ಸಣ್ಣದು ಸಿಗುತ್ತೆ. ನಮ್ಮಲ್ಲಿ ದೊಡ್ಡದು ನಾವಾಗಿ ಕತ್ತರಿಸೋ ತನಕ ಸಾಯಲ್ಲ. ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದ್ರೂ ಅಷ್ಟೇ."

ಹೊಲಿಗೆಯಾಕೆಯ ಖಾತೆಯಲ್ಲಿ ಸಿಕ್ಕಿದ್ದು ಹೆಜ್ಜೆ ಎಣಿಸುವ ಒಂದು ಪಾಪದ ಆ್ಯಪ್. ಫೋನು ಎಲ್ಲಿದೆ ಎಂಬುದನ್ನು ಸದಾಕಾಲ ನೋಡಲು ಅದಕ್ಕೆ ಅನುಮತಿಯಿದೆ. ಹೋದ ವರ್ಷ ಗಂಡ ಪಕ್ಕದಲ್ಲೇ ನಿಂತು, "ಆರೋಗ್ಯಕ್ಕೆ ಒಳ್ಳೇದು, ಒತ್ತು" ಅಂದಿದ್ದನಂತೆ. ಆ ಆ್ಯಪ್ ಕಂಡದ್ದೆಲ್ಲ ಅವನ ಫೋನಿನಲ್ಲೂ ಕಾಣುತ್ತದೆ. ನನಗೆ, ಕತ್ತರಿಸಿ ಬಿಸಾಕಿ ಎಂದು ಕೂಗಬೇಕೆನಿಸುತ್ತದೆ.

ಅಕ್ಕ ಕತ್ತರಿಸುವುದಿಲ್ಲ. "ಜೊತೆಗೆ ಯಾರಿದ್ದಾರಮ್ಮ?" ಎಂದು ಕೇಳುತ್ತಾರೆ. ಯಾರೂ ಇಲ್ಲ, ಅಣ್ಣ ಬೆಳಗಿನ ಪಾಳಿಗೆ ಹೋಗಿದ್ದಾನೆ.

ಟೋಕನ್ ಸತ್ತ ಕೂಡಲೇ ಅವನ ಪರದೆಯಲ್ಲಿ 'ಅನುಮತಿ ರದ್ದಾಗಿದೆ' ಎಂದು ಬರುತ್ತದೆ. ಹಿಂದೊಮ್ಮೆ ಹಾಗೆ ಅವಸರದಲ್ಲಿ ಕತ್ತರಿಸಿದಾಗ ಇನ್ನೊಬ್ಬ ಹೆಂಗಸಿನ ಕರೆ ಕಿರುಚಾಟದಲ್ಲಿ ಮುಗಿದಿತ್ತು. "ಅದು ಇನ್ನೂ ಕಿವಿಯಲ್ಲಿದೆ" ಎನ್ನುತ್ತಾರೆ ಅಕ್ಕ. ಅಂದಿನಿಂದ ಒಂಟಿಯಾಗಿರುವವರ ಟೋಕನನ್ನು ಅವರು ಮುಟ್ಟುವುದಿಲ್ಲ.

"ಫೋನ್ ಮನೇಲೇ ಬಿಡಿ, ಆಫ್ ಮಾಡ್ಬೇಡಿ. ನೀವು ಅಲ್ಲೇ ಇದ್ದೀರ ಅಂದ್ಕೊಳ್ಳಲಿ. ನೀವು ಪಕ್ಕದ ಮನೆಗೆ ಹೋಗಿ, ಅಲ್ಲಿಂದ ನನಗೆ ಮಾಡಿ. ಅಣ್ಣಂಗೂ ಹೇಳಿ."

ಕರೆ ಕಡಿಯುತ್ತದೆ. ಚಹಾ ಆರಿಹೋಗಿದೆ, ಇಬ್ಬರೂ ಕುಡಿಯುವುದಿಲ್ಲ. ನನ್ನ ಮುಖ ನೋಡಿಯೋ ಏನೋ, ಅಕ್ಕ ಮನೆಯ ಮಾತು ತೆಗೆಯುತ್ತಾರೆ. ಯಜಮಾನರು ಬಸ್ ಡ್ರೈವರ್. ಮಗಳು ಕಂಡಕಂಡ ಆ್ಯಪ್‌ಗೆಲ್ಲ ಒಪ್ಪಿಗೆ ಒತ್ತುವ ಧಾರಾಳಿ. "ನಿಮ್ಮ ಮುಖ ಯಾವ ಪ್ರಾಣಿ ಥರ ಇದೆ ಅಂತ ಹೇಳೋ ಆಟಕ್ಕೆ ಮನೆ ಫೋಟೋ ಎಲ್ಲಾ ಕೊಟ್ಟುಬಿಟ್ಟಿದ್ಲು. ಕೋತಿ ಅಂತ ಬಂತಂತೆ. ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ." ನಗುತ್ತಾರೆ, ಕಣ್ಣು ಮಾತ್ರ ಪರದೆಯಿಂದ ಕದಲುವುದಿಲ್ಲ.

ಬೇರೆ ನಂಬರಿನಿಂದ ಕರೆ ಬರುತ್ತದೆ. ಆಕೆ ಪಕ್ಕದ ಮನೆಯ ಅಜ್ಜಿಯ ಜೊತೆಗಿದ್ದಾಳೆ, ಅಣ್ಣ ಪೊಲೀಸರಿಗೆ ತಿಳಿಸಿದ್ದಾನೆ. ಅಕ್ಕ ದೊಡ್ಡ ಟೋಕನ್ ಕತ್ತರಿಸುತ್ತಾರೆ. ಆದರೆ ಆ್ಯಪ್ ಕೈಲಿರುವ ಸಣ್ಣದಕ್ಕೆ ಇನ್ನೂ ಜೀವವಿದೆ. ಅದು ತಾನಾಗಿಯೇ ಸಾಯಬೇಕು.

ಪರದೆಯಲ್ಲಿ ಸಾಲುಗಳು ಏರುತ್ತಿವೆ. ಆ್ಯಪ್ ಕೇಳುತ್ತಿದೆ, ಕಿಟಕಿ ಉತ್ತರ ಕೊಡುತ್ತಿದೆ. ಮತ್ತೆ ಕೇಳುತ್ತಿದೆ. ಈಗ ಮೊದಲಿಗಿಂತ ಬೇಗ ಬೇಗ. "ಬಿಟ್ಟೂ ಬಿಡದೆ ನೋಡ್ತಿದಾನೆ. ಹತ್ರ ಬರ್ತಿರ್ಬೇಕು" ಎನ್ನುತ್ತಾರೆ ಅಕ್ಕ.

"ಬಂದ್ರು," ಆ ಕಡೆಯ ದನಿ ಉಸಿರಿನಷ್ಟೇ ಇದೆ. "ಕಿಟಕಿಯಿಂದ ಕಾಣ್ತಿದೆ. ಅಣ್ಣನ ಮನೆ ಬಾಗಿಲು ಬಡೀತಿದಾರೆ."

"ಕಿಟಕಿ ಪರದೆ ಎಳ್ಕೊಳ್ಳಿ. ಮಾತಾಡ್ಬೇಡಿ. ನಾನಿದೀನಿ."

ಬಡಿತ ನಮಗೂ ಕೇಳುತ್ತದೆ. ಅಜ್ಜಿ ಆಕೆಯನ್ನು ಸಮಾಧಾನಪಡಿಸುವ ಸದ್ದು. ನನ್ನ ಪೆನ್ನು ನಿಂತಿದೆ. ಆಗ ಪರದೆಯಲ್ಲಿ ಮೊದಲ ಕೆಂಪು ಸಾಲು: ನಿರಾಕರಿಸಲಾಗಿದೆ. ಮತ್ತೊಂದು ಕೆಂಪು. ಮತ್ತೊಂದು. ಬಡಿತ ನಿಲ್ಲುತ್ತದೆ.

"ಫೋನ್ ನೋಡ್ತಾ ನಿಂತಿದಾರೆ," ಎನ್ನುತ್ತಾಳೆ ಆಕೆ. ಸ್ವಲ್ಪ ಹೊತ್ತಿಗೆ, "ಪೊಲೀಸ್ ಜೀಪ್ ಬಂತು." ಆಮೇಲೆ ಬರೀ ಅಳು. ಅಕ್ಕ ಅಳಲು ಬಿಡುತ್ತಾರೆ. ಮನೆಯಲ್ಲಿ ಬಿಟ್ಟ ಫೋನನ್ನು ಮತ್ತೆ ಮುಟ್ಟಬೇಡಿ, ಹೊಸದರಲ್ಲಿ ಹೊಸ ಖಾತೆ ತೆರೆಯಿರಿ ಎಂದು ಎರಡೆರಡು ಸಲ ಹೇಳಿ ಕಳಿಸುತ್ತಾರೆ.

ಅಕ್ಕನಿಗಿರುವುದು ಒಂದೇ ಬೇಡಿಕೆ. "ಒಪ್ಪಿಗೆ ಗುಂಡಿ ಮುಂದೇನೇ ಇರುತ್ತೆ, ದೊಡ್ಡದಾಗಿ. ವಾಪಸ್ ತಗೊಳ್ಳೋ ಗುಂಡಿನ ಎಲ್ಲೋ ಒಳಗೆ ಹುಗಿದಿಟ್ಟಿದಾರೆ. ಎರಡನ್ನೂ ಅಕ್ಕಪಕ್ಕ ಇಡ್ರಪ್ಪ ಅಂತ ಮೇಲಿನವರಿಗೆ ಹೇಳ್ತಾನೇ ಇದೀನಿ."

ಈ ಲೇಖನ ಮುಗಿಸುವ ಮುನ್ನ ಅಕ್ಕನಿಗೆ ಫೋನ್ ಮಾಡುತ್ತೇನೆ. ಹೊಲಿಗೆಯಾಕೆ ಗೆಳತಿಯ ಊರು ಸೇರಿದಳೇ, ಈಗ ಎಲ್ಲಿದ್ದಾಳೆ? ನನ್ನ ದನಿಯಲ್ಲಿ ಅಂದಿನ ಹೆದರಿಕೆ ಇನ್ನೂ ಇದೆ.

"ಗೊತ್ತಿಲ್ಲ" ಎನ್ನುತ್ತಾರೆ ಅಕ್ಕ. "ನನಗೂ ಗೊತ್ತಾಗಬಾರದು. ಅದಕ್ಕೇ ಅಲ್ವಾ ನಾನಿಲ್ಲಿ ಕೂತಿರೋದು."